ಬಿರಡೆ ತೆಗೆಯಿರಿ

ನಮ್ಮೂರಿನಲ್ಲಿ ಎದ್ದ ವಾಸನೆ ಎದ್ದ ಜಾಗದಲ್ಲೇ ಒಂದು ವರ್ಷ ನಿಲ್ಲುತ್ತದೆ. ಗಾಳಿ ಬೀಸಲಿ, ಮಳೆ ಹೊಡೆಯಲಿ, ಬಕೆಟ್ಟುಗಟ್ಟಲೆ ನೀರು ಸುರಿದು ಪೊರಕೆ ಹಿಡಿದು ತಿಕ್ಕಿದರೂ ಅದು ಕದಲುವುದಿಲ್ಲ. ವರ್ಷ ತುಂಬಿದ ದಿನ ತಾನಾಗಿ ಎದ್ದು ಹೋಗುತ್ತದೆ. ಇದರಲ್ಲಿ ನಮಗೆ ಅಂಥ ವಿಶೇಷವೇನೂ ಕಾಣುವುದಿಲ್ಲ. ಹೊರಗಿನವರು ಬಂದು ಹುಬ್ಬೇರಿಸಿದಾಗಲೇ, ಓ, ಇವರ ಕಡೆ ಹಾಗಿಲ್ಲವಲ್ಲ ಎಂದು ನೆನಪಾಗುವುದು.

ಹಾಗಾಗಿ ನಾವು ಮನೆಯೊಳಗೆ ಒಗ್ಗರಣೆ ಹಾಕುವುದಿಲ್ಲ. ಊರಾಚೆ ಹಳ್ಳದ ದಂಡೆಯಲ್ಲಿ ಒಗ್ಗರಣೆ ಕಟ್ಟೆ ಇದೆ. ಬೆಳಿಗ್ಗೆ ಗಂಡಸರು ಹೆಂಗಸರೆನ್ನದೆ ಎಲ್ಲರೂ ಪಾತ್ರೆ ಹಿಡಿದು ಅಲ್ಲಿಗೆ ಹೋಗಿ, ಸಾಸಿವೆ ಚಟಪಟ ಎನ್ನುತ್ತಲೇ ಮುಚ್ಚಳ ಮುಚ್ಚಿ ಮನೆಗೆ ಬರುತ್ತಾರೆ. ಮೀನು ಮಾರುವವರಿಗೆ ಒಂದೇ ಕಲ್ಲು, ಹಿಂದಿನಿಂದಲೂ ಅದೇ ಕಲ್ಲು. ಮನೆ ಬಾಡಿಗೆಗೆ ಕೇಳುವವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುವ ಮೊದಲು ಮೂಲೆ ಮೂಲೆಗೆ ಮೂಗು ಒಡ್ಡಿ ನೋಡುತ್ತಾರೆ. ಛತ್ರದಲ್ಲಿ ಒಬ್ಬರ ಮದುವೆಯ ಮಲ್ಲಿಗೆಯಲ್ಲೇ ಇನ್ನೊಬ್ಬರ ಮದುವೆ ನಡೆದುಹೋಗುತ್ತದೆ. ಚಾವಡಿಯ ಮುಂದೆ ಸೀಮೆಎಣ್ಣೆ ಡಬ್ಬಿ ಬೀಳಿಸಿದ ಶಾಂತವೀರಯ್ಯನ ಜೊತೆ ಅಕ್ಕಪಕ್ಕದವರು ಮಾತು ಬಿಟ್ಟಿದ್ದರು. ವಾಸನೆ ಹೋದ ದಿನ ಅವರೇ ಬಂದು ಕಾಫಿ ಕುಡಿದು ರಾಜಿಯಾದರು.

ಶಾಲೆಯಲ್ಲಿ ಮಾತ್ರ ಯಾವ ವಾಸನೆಯೂ ಏಳಕೂಡದು. ಇದು ಹಿರಿಯರ ಕಾಲದಿಂದ ಬಂದ ಕಟ್ಟುಪಾಡು. ಓದುವ ಮಕ್ಕಳ ಮೂಗಿಗೆ ವರ್ಷವಿಡೀ ಒಂದೇ ವಾಸನೆ ಹೊಡೆಯುತ್ತಿದ್ದರೆ ತಲೆಗೆ ಏನು ಹತ್ತೀತು? ಮಕ್ಕಳು ಮೈದಾನದಾಚೆಯ ಹೊಂಗೆಮರದ ಕೆಳಗೆ ಊಟದ ಡಬ್ಬಿ ಬಿಚ್ಚಬೇಕು. ನಾವು ಟೀಚರುಗಳು ಹೂವು ಮುಡಿದು ಒಳಗೆ ಬರುವಂತಿಲ್ಲ. ಅರಳಿಕಟ್ಟೆಯಿಂದ ಶಾಲೆಯ ಗೇಟಿನವರೆಗಿನ ರಸ್ತೆಯಲ್ಲಿ ಒಂದು ಅಂಗಡಿ ಇಲ್ಲ, ಒಂದು ಹಸು ಕಟ್ಟುವುದಿಲ್ಲ.

ಅಂಥ ಶಾಲೆಯಲ್ಲಿ ನಾನು ರಸಾಯನಶಾಸ್ತ್ರದ ಟೀಚರು. ನಗಬೇಡಿ. ಇಲಾಖೆಯವರು ಕಾಲಕಾಲಕ್ಕೆ ಕಳಿಸಿದ ಬಾಟಲಿಗಳೆಲ್ಲ ಬಿರಡೆಯ ಮೇಲೆ ಮೇಣ ಬಳಿಸಿಕೊಂಡು ಬೀರುವಿನಲ್ಲಿ ಸಾಲಾಗಿ ನಿಂತಿವೆ. ನನಗಿಂತ ಮುಂಚಿನವರು ಅವನ್ನು ತೆರೆಯಲಿಲ್ಲ, ನಾನೂ ತೆರೆದಿರಲಿಲ್ಲ. ಆಯುಧಪೂಜೆಯ ದಿನ ಒರೆಸಿ, ಕುಂಕುಮ ಇಟ್ಟು, ಮತ್ತೆ ಬೀಗ. 'ಅಮೋನಿಯಾ: ಬಣ್ಣವಿಲ್ಲ, ಘಾಟು ವಾಸನೆ' ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದವು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಪಾಸಾಗುತ್ತಿದ್ದವು. ಯಾರಿಗೂ ಏನೂ ತೊಂದರೆ ಇರಲಿಲ್ಲ.

ಇನ್ನು ನಮ್ಮತ್ತೆ ಸಣ್ಣಮ್ಮನ ವಿಷಯ ಹೇಳಬೇಕು. ನಾನು ಸೊಸೆಯಾಗಿ ಬರುವ ಹೊತ್ತಿಗಾಗಲೇ ಅವರ ಎರಡೂ ಕಣ್ಣು ಹೋಗಿದ್ದವು, ಬಾಯಿ ಮಾತ್ರ ಚೆನ್ನಾಗಿಯೇ ಇತ್ತು. ಅವರನ್ನು ಕುರುಡಿ ಎಂದು ನಮ್ಮೂರಿನಲ್ಲಿ ಯಾರೂ ಎಣಿಸಿದವರಲ್ಲ. ಹೊಸ್ತಿಲು ದಾಟಿದರೆ ಎದುರುಮನೆಯ ಕೊಟ್ಟಿಗೆಯ ಸಗಣಿ, ಅಲ್ಲಿಂದ ಎಡಕ್ಕೆ ಶೆಟ್ಟರ ಅಂಗಡಿಯ ಮುಂದೆ ಚೆಲ್ಲಿದ ಇಂಗು, ಮುಂದೆ ಅಗಸರ ಮನೆಯ ಬಟ್ಟೆ ಒಗೆಯುವ ಸೌಳುಮಣ್ಣು, ಬಲಕ್ಕೆ ಹೊರಳಿದರೆ ಗಾಣದ ಹಿಂಡಿ. ಊರೆಲ್ಲ ಅವರ ಮೂಗಿನಲ್ಲಿತ್ತು. ಎಲ್ಲಾದರೂ ಒಂದು ವಾಸನೆ ವರ್ಷ ತುಂಬಿ ಹೋಗುವುದರಲ್ಲಿದೆ ಎಂದು ಗೊತ್ತಾದರೆ ಸೆರಗಿನಲ್ಲಿ ಬೆಳ್ಳುಳ್ಳಿ ಕಟ್ಟಿಕೊಂಡು ಹೋಗಿ, ಆ ತಿರುವಿನ ಕಲ್ಲಿನ ಮೇಲೆ ಒಂದೆರಡು ಎಸಳು ಜಜ್ಜಿ ಬರುತ್ತಿದ್ದರು. ಯಾರಾದರೂ ಗೊಣಗಿದರೆ, "ನಿಂಗೆ ಎರಡು ಕಣ್ಣಿವೆ, ಅದರ ಜೊತೆಗೆ ಒಂದು ಬೆಳ್ಳುಳ್ಳಿ ವಾಸನೆ ಸಹಿಸಿಕೊಂಡ್ರೆ ಸವೆದುಹೋಗ್ತೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರು ಹೋಗಲಾರದಿದ್ದ ಜಾಗ ಊರಿನಲ್ಲಿ ಒಂದೇ ಒಂದು, ನನ್ನ ಶಾಲೆ. "ಅರಳಿಕಟ್ಟೆ ದಾಟಿದ್ರೆ ಊರು ಮುಗಿದೇಹೋಗುತ್ತೆ ಕಣೇ ಪ್ರಭಾವತಿ," ಎನ್ನುತ್ತಿದ್ದರು. "ಅದೇನು ಪಾಠ ಹೇಳ್ತೀಯೋ, ಒಂದು ಸಲ ಕೂತು ಕೇಳಬೇಕು ಅಂತ ನಂಗೂ ಆಸೆ." ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಬನ್ನಿ ಅತ್ತೆ ಎಂದರೆ ಸಿಡುಕುತ್ತಿದ್ದರು. "ನಾನೇನು ಹಸುಗೂಸಾ, ಕೈ ಹಿಡಿದು ನಡೆಸೋಕೆ?"

ಒಮ್ಮೆ ನನ್ನ ಯಜಮಾನರು ಅವರನ್ನು ಕಣ್ಣಿನ ಆಸ್ಪತ್ರೆಗೆಂದು ಹೊರಗಿನ ಊರಿಗೆ ಕರೆದುಕೊಂಡು ಹೋಗಿದ್ದರು. ಯಜಮಾನರು ಬಸ್ ಕಂಡಕ್ಟರು, ವಾರದಲ್ಲಿ ಹೆಚ್ಚು ದಿನ ಹೊರಗೇ ಇರುವವರು, ಅವರಿಗೆ ಅಲ್ಲಿನದೆಲ್ಲ ರೂಢಿ. ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರೇ ಮಗನ ಅಂಗಿ ಹಿಡಿದುಕೊಂಡವರು ಮತ್ತೆ ಬಸ್ಸು ಹತ್ತುವವರೆಗೂ ಬಿಡಲಿಲ್ಲವಂತೆ. "ಎಲ್ಲಾ ಓಡಿಹೋಗ್ತಿದೆ ಕಣೋ, ಒಂದೂ ನಿಲ್ತಿಲ್ಲ," ಎಂದು ಅತ್ತರಂತೆ. ಅವರು ಅತ್ತಿದ್ದನ್ನು ನಾನಂತೂ ಕಂಡಿಲ್ಲ. ಮನೆಗೆ ಬಂದ ಮೇಲೂ ಆ ಮಾತು ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ.

ಇಷ್ಟು ಗೊತ್ತಿದ್ದರೆ ಇಲಾಖೆಯ ಆದೇಶ ಓದಿ ನಾನು ಯಾಕೆ ಗಾಬರಿಯಾದೆ ಎಂಬುದು ನಿಮಗೆ ತಿಳಿಯುತ್ತದೆ. ರಸಾಯನಶಾಸ್ತ್ರ ಕಲಿಸುವವರೆಲ್ಲ ತರಗತಿಯಲ್ಲಿ ಟ್ಯಾಬು, ಪ್ರೊಜೆಕ್ಟರು, ವರ್ಚುವಲ್ ಲ್ಯಾಬು ಬಳಸುವ ತರಬೇತಿ ಪಡೆಯಬೇಕು. ತರಬೇತಿ ಪೂರೈಸದವರನ್ನು ಇಂಥ ಸಲಕರಣೆಗಳಿಲ್ಲದ ಶಾಲೆಗಳಿಗೆ ವರ್ಗ ಮಾಡಲಾಗುವುದು. ಅಂಥ ಶಾಲೆಗಳೆಲ್ಲ ಇದ್ದದ್ದು ಗುಡ್ಡದಾಚೆ, ವಾಸನೆ ನಿಲ್ಲದ ಊರುಗಳಲ್ಲಿ. ನಾನು ಹೋದರೆ ಅತ್ತೆಯೂ ನನ್ನ ಜೊತೆ ಬರಬೇಕು. ಇಲ್ಲಿ ರಾಣಿಯ ಹಾಗೆ ತಿರುಗುವ ಹೆಂಗಸು ಅಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕು. ನನಗೆ ಟ್ಯಾಬು ಹಿಡಿಯುವುದು ಯಾವ ಕಡೆ ಎಂದೂ ಗೊತ್ತಿರಲಿಲ್ಲ.

ತರಬೇತಿ ಕೊಡಲು ಬಂದವನು ವಾಗೀಶ ಎಂಬ ಹುಡುಗ, ಹೊರಗಿನವನು, ತುಂಬ ಮರ್ಯಾದಸ್ಥ. ನಮ್ಮ ಶಾಲೆಯಲ್ಲೇ ತರಬೇತಿ. ಸುತ್ತಲಿನ ಊರುಗಳ ಟೀಚರುಗಳ ಜೊತೆ ನಮ್ಮೂರಿನವರು ಮೂವರು: ನಾನು, ಗಂಡುಮಕ್ಕಳ ಶಾಲೆಯ ಚನ್ನವೀರಪ್ಪ ಮೇಷ್ಟ್ರು, ಮಿಷನ್ ಶಾಲೆಯ ಫಿಲೋಮಿನಾ ಮಿಸ್. ಮೊದಲ ದಿನವೇ ಒಂದು ಅನಾಹುತ ತಪ್ಪಿತು. ಮಧ್ಯಾಹ್ನ ವಾಗೀಶ ಮೇಜಿನ ಮೇಲೆ ತನ್ನ ಚಿತ್ರಾನ್ನದ ಡಬ್ಬಿ ಇಟ್ಟು ಮುಚ್ಚಳಕ್ಕೆ ಕೈ ಹಾಕಿದ. ಫಿಲೋಮಿನಾ ಮಿಸ್ ಆ ವಯಸ್ಸಿನಲ್ಲಿ ಬೆಂಚು ದಾಟಿ ಹಾರಿ ಡಬ್ಬಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದರು. "ಅಯ್ಯೋ ಜೀಸಸ್, ಇಲ್ಲಿ ಬೇಡಪ್ಪ ಮಗಾ, ಹೊಂಗೆಮರಕ್ಕೆ ಹೋಗು!" ಹುಡುಗ ಏನೂ ಅರ್ಥವಾಗದೆ ಡಬ್ಬಿ ಎತ್ತಿಕೊಂಡು ಹೊರಟ. ಪ್ರತಿ ಊರಿಗೂ ಅದರದರ ಮಡಿ ಇರುತ್ತದೆ ಎಂದು ಅಂದುಕೊಂಡಿರಬೇಕು.

ಕಲಿತೆವು ಎಂದರೆ ನೀವು ನಂಬಬೇಕು. ಚನ್ನವೀರಪ್ಪ ಮೇಷ್ಟ್ರು ಮೊದಮೊದಲು ಹೆಬ್ಬೆಟ್ಟು ಒತ್ತುವವರ ಹಾಗೆ ಪರದೆಯನ್ನು ಒತ್ತುತ್ತಿದ್ದರು, ಅದು ತೆರೆದು ಮುಚ್ಚಿ ತೆರೆದು ಗಾಬರಿಪಡಿಸುತ್ತಿತ್ತು. ನಾನು ಫ್ಲಾಸ್ಕನ್ನು ಬೆರಳಿನಿಂದ ಎಳೆಯಲು ಹೋಗಿ ಪ್ರತಿ ಸಲವೂ ಅದನ್ನು ಪರದೆಯ ಆಚೆಗೆ ಕಳಿಸುತ್ತಿದ್ದೆ. "ಮೆತ್ತಗೆ ಮೇಡಂ, ಮಗು ಕೆನ್ನೆ ಮುಟ್ಟೋ ಹಾಗೆ," ಎಂದು ವಾಗೀಶ ಹೇಳಿಕೊಟ್ಟ. ಒಂದು ದಿನ ನೀಲಿ ದ್ರಾವಣಕ್ಕೆ ಕಬ್ಬಿಣದ ಮೊಳೆ ಇಳಿಸಿದೆವು. ಮೊಳೆ ಕೆಂಪಗಾಯಿತು, ನೀಲಿ ಮಾಸುತ್ತಾ ಬಂತು. ಚನ್ನವೀರಪ್ಪ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷ ಬಾಯಲ್ಲಿ ಹೇಳಿದ್ದು ಇವತ್ತು ಕಣ್ಣಾರೆ ಕಂಡೆ ನೋಡಿ," ಎಂದರು.

ಎಡವಿದ್ದು ಅಮೋನಿಯಾ ಪಾಠದಲ್ಲಿ. ಪರದೆಯ ಮೇಲೆ ಅಮೋನಿಯಂ ಕ್ಲೋರೈಡನ್ನು ಸುಣ್ಣದ ಜೊತೆ ಬೆರೆಸಿ, ಕೆಳಗೆ ದೀಪ ಹಚ್ಚಿ, ಅನಿಲವನ್ನು ಜಾಡಿಯಲ್ಲಿ ತುಂಬಿಸಿ ಬಿರಡೆ ಹಾಕಿದೆವು. ಆಮೇಲೆ ಒಂದು ಮೂಗಿನ ಚಿತ್ರ ಬಂತು. 'ಬಿರಡೆ ತೆಗೆಯಿರಿ, ವಾಸನೆ ಗಮನಿಸಿ' ಎಂದಿತು. ಅದನ್ನು ಒತ್ತಿದರೆ ಮಾತ್ರ ಮುಂದಿನ ಹಂತ. ಹೊರಗಿನ ಊರುಗಳ ಟೀಚರುಗಳು ಟಕ್ ಎಂದು ಒತ್ತಿ ಮುಂದೆ ಹೋದರು. ನಾವು ಮೂವರು ಕೈ ಮೇಲೆತ್ತಿಕೊಂಡು ಕೂತೆವು.

"ನೆಟ್‌ವರ್ಕ್ ತೊಂದರೆನಾ ಮೇಡಂ?" ವಾಗೀಶ ಬಗ್ಗಿ ನೋಡಿದ.

"ನೆಟ್‌ವರ್ಕ್ ಚೆನ್ನಾಗೇ ಇದೆಯಪ್ಪ," ಎಂದೆ.

"ಮತ್ತೆ ಮೂರೂ ಜನ ಅಲ್ಲೇ ನಿಂತುಬಿಟ್ಟಿದ್ದೀರಲ್ಲ?"

ಚನ್ನವೀರಪ್ಪ ಮೇಷ್ಟ್ರು ವಿವರಿಸಲು ನೋಡಿದರು. ಶಾಲೆಯೊಳಗೆ ಬಿರಡೆ ತೆಗೆಯುವುದು ಹೇಗೆ, ಅದೂ ಅಮೋನಿಯಾ? ವಾಗೀಶ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಇದು ಚಿತ್ರ ಸಾರ್, ಬರೀ ಚಿತ್ರ." "ಚಿತ್ರಾನೇ ಇರಬಹುದಪ್ಪ, ಕೈ ಬರಬೇಕಲ್ಲ," ಎಂದರು ಮೇಷ್ಟ್ರು. ಹುಟ್ಟಿದಾಗಿನಿಂದ ಹಾಗೆ ಬೆಳೆದವರು ನಾವು. ಉಗುರುಬಣ್ಣದ ಶೀಸೆ ತೆರೆಯಲೂ ಮೊದಲು ಹಳ್ಳದ ಕಡೆ ನಡೆಯುತ್ತೇವೆ. ಮರುದಿನವೂ ನೋಡಿದೆವು. ಬೆರಳು ಮೂಗಿನ ಚಿತ್ರದ ಹತ್ತಿರ ಹೋಗಿ ಹಿಂದಕ್ಕೆ ಬರುತ್ತಿತ್ತು. ಯಂತ್ರ ನಮ್ಮ ಹೆಸರುಗಳ ಮುಂದೆ 'ಅಪೂರ್ಣ' ಎಂದು ಬರೆದುಕೊಂಡು ಕೂತಿತು. ವಾಗೀಶ ನನ್ನನ್ನು ಪಕ್ಕಕ್ಕೆ ಕರೆದು, "ಪರಿವೀಕ್ಷಕರು ಬರ್ತಾರೆ ಮೇಡಂ, ಅವರ ಎದುರು ಇದೇ ಪಾಠ ಮಾಡಬೇಕು. ಅಲ್ಲೂ ಹೀಗೇ ನಿಂತ್ರೆ ನನ್ನ ಕೈಯಲ್ಲಿ ಏನೂ ಇಲ್ಲ," ಎಂದ. ಅವನ ಮುಖ ನನಗಿಂತ ಬಾಡಿತ್ತು.

ಆ ಸಂಜೆ ಜಗುಲಿಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ವರ್ಗದ ವಿಷಯ ಅವರಿಗೆ ಹೇಳಿರಲಿಲ್ಲ. ಊರೆಲ್ಲ ಅಡ್ಡಾಡುವವರಿಗೆ ಯಾರು ಹೇಳಿದರೋ ಏನೋ.

"ಒತ್ತೋಕಾಗಲಿಲ್ಲವಂತೆ?" ಎಂದರು.

"ಆಗಲಿಲ್ಲ ಅತ್ತೆ."

ಇನ್ನೊಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. "ಅದರ ವಾಸನೆ ಹೇಗಿರುತ್ತೆ? ನಿಂಗೆ ಗೊತ್ತಾ?"

ಗೊತ್ತಿತ್ತು. ಹೊರಗಿನ ಊರಿನ ಕಾಲೇಜಿನಲ್ಲಿ ಓದುವಾಗ ನೋಡಿದ್ದೆ. "ಸೂಜಿ ಚುಚ್ಚಿದ ಹಾಗೆ ಮೂಗಿಗೆ ಏರುತ್ತೆ. ಕಣ್ಣಲ್ಲಿ ನೀರು ಬರುತ್ತೆ."

"ಕಾಣದ ಕಣ್ಣಲ್ಲೂ?"

"ಕಾಣದ ಕಣ್ಣಲ್ಲೂ ಬರುತ್ತೆ ಅತ್ತೆ."

"ಹೂಂ," ಎಂದರು. ಆಮೇಲೆ ಮೊರ ಪಕ್ಕಕ್ಕೆ ಸರಿಸಿ, ನನ್ನ ಕೈಯನ್ನು ತಡಕಿ ಹಿಡಿದುಕೊಂಡರು. "ನಾನು ಆ ಊರಿಗೆ ಬರಲ್ಲ ಪ್ರಭಾ. ಅಲ್ಲಿ ನಾನು ಕುರುಡಿ ಆಗಿಬಿಡ್ತೀನಿ." ಅವರ ಬಾಯಲ್ಲಿ ಆ ಪದವನ್ನು ನಾನು ಅಂದೇ ಕೇಳಿದ್ದು. ನಾನು ಒಳಗೆ ಹೋಗಿ ತರಬೇತಿಗೆ ಕೊಟ್ಟಿದ್ದ ಟ್ಯಾಬು ತಂದು ಅವರ ಪಕ್ಕ ಕೂತು ಮೂಗಿನ ಚಿತ್ರದ ಮೇಲೆ ಬೆರಳಿಟ್ಟೆ. ಒತ್ತಿದೆ. ಜಗುಲಿಯಲ್ಲಿ ಅವರೆಕಾಯಿಯ ಸೊಗಡು ಬಿಟ್ಟು ಬೇರೇನೂ ಏಳಲಿಲ್ಲ. ನಾನು ನಕ್ಕೆ, ಜೊತೆಗೇ ಅಳುವೂ ಬಂತು.

ಪರಿವೀಕ್ಷಕರ ಹೆಸರು ನಂಜರಾಜಯ್ಯ. ಬಿಳಿ ಅಂಗಿ, ಮೆಲ್ಲನೆ ಮಾತು, ತಾವೂ ಹಿಂದೆ ರಸಾಯನಶಾಸ್ತ್ರ ಕಲಿಸಿದವರಂತೆ. ಹತ್ತನೇ ತರಗತಿಯ ಮಕ್ಕಳ ಹಿಂದೆ, ಹೆಡ್‌ಮೇಷ್ಟ್ರು ಮತ್ತು ವಾಗೀಶನ ನಡುವೆ ಕೂತರು. ನನ್ನ ಪಾಠ ಚೆನ್ನಾಗಿಯೇ ಹೋಯಿತು, ನನಗೇ ಆಶ್ಚರ್ಯವಾಗುವಷ್ಟು. ಫ್ಲಾಸ್ಕು ಹೇಳಿದ ಕಡೆ ಹೋಯಿತು, ಹೇಳಿದ ಕಡೆ ನಿಂತಿತು. ಅಣುಗಳು ಗೋಡೆಯ ಮೇಲೆ ಗೋಲಿಯಷ್ಟಾಗಿ ಕುಣಿದವು. ಮಕ್ಕಳು ಬಾಯಿ ಬಿಟ್ಟು ನೋಡಿದವು. ಮೂಗಿನ ಚಿತ್ರ ಬಂದಾಗ ಇಡೀ ತರಗತಿ ಉಸಿರು ಹಿಡಿಯಿತು. ಮುಂದಿನ ಬೆಂಚಿನ ಕುಮುದಾ ಎಂಬ ಹುಡುಗಿ ಎದ್ದುನಿಂತು, "ಮೇಡಂ, ಬೇಡ ಮೇಡಂ," ಎಂದಳು. ನಾನು ಒತ್ತಿದೆ. ಬಿರಡೆ ಮೇಲೆದ್ದಿತು, ಒದ್ದೆ ಮಾಡಿದ ಕೆಂಪು ಲಿಟ್ಮಸ್ ನೀಲಿಯಾಯಿತು, ಮಕ್ಕಳು ಹಿಡಿದಿದ್ದ ಉಸಿರು ಬಿಟ್ಟವು. ವಾಗೀಶ ಅಲ್ಲೇ ಚಪ್ಪಾಳೆ ತಟ್ಟಿಬಿಟ್ಟ.

ಮುಗಿಯಿತು ಎಂದುಕೊಂಡೆ. ನಂಜರಾಜಯ್ಯ ಎದ್ದು ಕುಮುದಾಳನ್ನು ಕೇಳಿದರು, "ಏನಮ್ಮಾ, ವಾಸನೆ ಹೇಗಿತ್ತು?"

"ಘಾಟು ವಾಸನೆ ಸಾರ್."

"ಘಾಟು ಅಂದ್ರೆ?"

ಅವಳು ನನ್ನ ಮುಖ ನೋಡಿದಳು. ನಂಜರಾಜಯ್ಯ ನಿಧಾನವಾಗಿ ಬೀರುವಿನ ಹತ್ತಿರ ಹೋಗಿ ಗಾಜಿನಾಚೆಯ ಮೇಣದ ಬಾಟಲಿಗಳನ್ನು ನೋಡಿದರು. "ನೋಡಿ ಮೇಡಂ, ಪರದೆ ತೋರಿಸಿದ್ದು ಸಂತೋಷ. ಆದ್ರೆ ಬಾಟಲಿ ಬೀರುವಿನಲ್ಲೇ ಇಟ್ಕೊಂಡು ಮಕ್ಕಳಿಗೆ ಒಂದು ಸಲವೂ ತೋರಿಸದೇ ಹೋದ್ರೆ ಅದು ಪಾಠ ಅಲ್ಲ, ಸಿನಿಮಾ. ಪರದೇನೂ ಪದಾರ್ಥಾನೂ ಎರಡೂ ಸೇರಿದ್ರೇನೇ ಈ ತರಬೇತಿ ಪೂರ್ತಿ. ಒಂದು ಬಾಟಲಿ ತೆಗೆದು ತೋರಿಸಿ, ನಾನು ಸಹಿ ಹಾಕ್ತೀನಿ."

"ಸಾರ್, ಇಲ್ಲಿ ಅದು ಒಂದು ವರ್ಷ ಹೋಗಲ್ಲ," ಎಂದೆ.

"ಕಿಟಕಿ ತೆಗೀರಿ, ಹೋಗುತ್ತೆ," ಎಂದರು. ಅವರದು ತಪ್ಪಲ್ಲ. ಅವರ ಊರಿನಲ್ಲಿ ಹೋಗುತ್ತದೆ.

ಹೆಡ್‌ಮೇಷ್ಟ್ರು ಹಿಂದಿನಿಂದ ಎರಡೂ ಕೈ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರು. ಶಾಲೆ ಕಟ್ಟಿದಾಗಿನಿಂದ ಯಾರೂ ಮುರಿಯದ ಕಟ್ಟುಪಾಡು. ಮಗನ ಅಂಗಿ ಹಿಡಿದುಕೊಂಡು ನಿಂತ ಅತ್ತೆ ಕಣ್ಣ ಮುಂದೆ ಬಂದರು. ಬೀರುವಿನ ಬೀಗ ತೆಗೆದೆ. ಒಳಗೆ ತೆರೆದರೆ ಮಕ್ಕಳು ವರ್ಷವಿಡೀ ಕೂರುವಂತಿಲ್ಲ. ಅಷ್ಟು ಮಾತ್ರ ನನಗೆ ಹೊಳೆದದ್ದು. "ಎಲ್ಲರೂ ಗೇಟಿನ ಹತ್ತಿರ ಬನ್ನಿ," ಎಂದು ಅಮೋನಿಯಾ ಬಾಟಲಿ ಹಿಡಿದು ಹೊರಟೆ.

ಗೇಟಿನ ಕಂಬದ ಪಕ್ಕ ಕೂತು, ಕುಮುದಾಳ ಕೈವಾರದ ಮೊನೆಯಿಂದ ಮೇಣ ಕೆರೆದೆ. ದೂರ ನಿಲ್ಲಿ, ಬಗ್ಗಬೇಡಿ, ಕೈಯಿಂದ ಬೀಸಿಕೊಂಡು ನೋಡಿ ಎಂದು ಮಕ್ಕಳಿಗೆ ಹೇಳಿ ಬಿರಡೆ ತಿರುಗಿಸಿದೆ. ಎಷ್ಟು ವರ್ಷದ ಸಿಟ್ಟಿತ್ತೋ ಅದಕ್ಕೆ, ಭುಸ್ ಎಂದಿತು. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ, ಮತ್ತೆ ಅದುಮಿ ಮುಚ್ಚಿದೆ. ಮಕ್ಕಳು ಕೆಮ್ಮಿದವು, ಕಣ್ಣು ಒರೆಸಿಕೊಂಡವು, ಕೇಕೆ ಹಾಕಿ ಓಡಿದವು, ಮತ್ತೆ ಓಡಿ ಬಂದವು. "ಇದಾ ಘಾಟು! ಇದಾ ಮೇಡಂ ಘಾಟು ಅಂದ್ರೆ!" ಕುಮುದಾ ಮೂಗು ಹಿಡಿದುಕೊಂಡು ಕುಣಿಯುತ್ತಿದ್ದಳು. ನಂಜರಾಜಯ್ಯ ಅಲ್ಲೇ ಗೋಡೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಚನ್ನವೀರಪ್ಪ ಮೇಷ್ಟ್ರೂ ಫಿಲೋಮಿನಾ ಮಿಸ್ಸೂ ಮರುದಿನ ತಮ್ಮ ಮಕ್ಕಳನ್ನು ಸಾಲಾಗಿ ನನ್ನ ಗೇಟಿಗೇ ಕರೆತಂದು ಪರಿವೀಕ್ಷಕರ ಎದುರು ತಮ್ಮ ಪಾಠ ಮುಗಿಸಿಕೊಂಡರು. ಮರುದಿನವೂ ವಾಸನೆ ಹಾಗೇ ಇರುವುದನ್ನು ಕಂಡು ನಂಜರಾಜಯ್ಯ ಕಂಬವನ್ನು ಒಂದು ಸುತ್ತು ಹಾಕಿ, ಏನೂ ಕೇಳದೆ ಜೀಪು ಹತ್ತಿದರು.

ನನಗೆ ವರ್ಗ ತಪ್ಪಿತು, ಬೈಗುಳ ತಪ್ಪಲಿಲ್ಲ. ಆ ಘಾಟು ಎದ್ದ ರಭಸಕ್ಕೇ ಗೇಟಿನಲ್ಲಿ ದಟ್ಟವಾಗಿ, ರಸ್ತೆಯುದ್ದಕ್ಕೂ ತೆಳ್ಳಗಾಗುತ್ತಾ ಅರಳಿಕಟ್ಟೆಯವರೆಗೂ ಹೋಗಿ ನಿಂತುಬಿಟ್ಟಿತ್ತು. ಹೆಡ್‌ಮೇಷ್ಟ್ರು ಹಿತ್ತಲ ಗೋಡೆ ಒಡೆಸಿ ಮಕ್ಕಳಿಗೆ ಬೇರೆ ದಾರಿ ಮಾಡಿಸಿದರು, ನನ್ನ ಜೊತೆ ಮಾತು ಬಿಟ್ಟರು. ಒಗ್ಗರಣೆ ಕಟ್ಟೆಯಲ್ಲಿ ನಾನು ಹೋದರೆ ಹೆಂಗಸರು ಪಾತ್ರೆ ಎತ್ತಿಕೊಂಡು ಸರಿಯುತ್ತಿದ್ದರು. "ಓದಿದವರು ಮಾಡೋ ಕೆಲಸಾನಾ ಇದು?" ಎಂದು ಶಾಂತವೀರಯ್ಯ ನನಗೆ ಕೇಳಿಸುವ ಹಾಗೆ ಹೇಳಿದ, ತಾನು ಸೀಮೆಎಣ್ಣೆ ಚೆಲ್ಲಿದ್ದನ್ನು ಮರೆತು. ನನ್ನ ಮನಸ್ಸಿಗೆ ನೋವಾಗಿತ್ತು. ಅತ್ತೆ ಬೆಳಿಗ್ಗೆ ಬೇಗ ಕೋಲು ಹಿಡಿದು ಹೊರಟರೆ ಊಟದ ಹೊತ್ತಿಗೆ ಬರುತ್ತಿದ್ದರು. ಕೇಳಿದರೆ, "ಅಡ್ಡಾಡೋಕೆ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಪ್ರೊಜೆಕ್ಟರಿನ ತಂತಿ ಸಿಕ್ಕಿಸುತ್ತಿದ್ದೆ. ಕಿಟಕಿಯ ಪಕ್ಕದ ಮಕ್ಕಳು ಗುಸುಗುಸು ಎಂದು ಎದ್ದು ನಿಂತವು. ಹೊರಗೆ ನೋಡಿದೆ. ಯಾರೂ ಕಾಲಿಡದ ಆ ಗೇಟಿನಲ್ಲಿ ನಮ್ಮತ್ತೆ ನಿಂತಿದ್ದರು. ಒಬ್ಬರೇ. ಮೂಗಿಗೆ ಸೆರಗಿಲ್ಲ. ಕಂಬವನ್ನು ಕೋಲಿನಿಂದ ಎರಡು ಸಲ ತಟ್ಟಿ ನೋಡಿ, ತಲೆ ಎತ್ತಿ, ಒಳಗೆ ನಡೆದು ಬಂದರು. ನಾನು ಓಡಿಹೋದೆ.

"ಅತ್ತೆ! ಹೇಗೆ ಬಂದ್ರಿ?"

"ದಿನಾ ಸ್ವಲ್ಪ ಸ್ವಲ್ಪ ಮುಂದೆ ಬಂದೆ ಕಣೇ. ಅರಳಿಕಟ್ಟೆ ಹತ್ರ ಒಂದೆಳೆ ಸಿಕ್ತು, ಹಿಡ್ಕೊಂಡು ಬಂದೆ. ಮಹರಾಯ್ತಿ, ಎಂಥ ಘಾಟೇ ಇದು!" ಅವರ ಎರಡೂ ಕಣ್ಣಿನಿಂದ ಧಾರಾಕಾರ ನೀರು ಇಳಿಯುತ್ತಿತ್ತು. ಒರೆಸಲು ಕೈ ಎತ್ತಿದೆ, ಅವರು ತಡೆದರು. "ಇರಲಿ ಬಿಡು. ನೀನು ಹೇಳಿದ್ದು ನಿಜ. ಕಾಣದ ಕಣ್ಣಲ್ಲೂ ಬಂತು."

ಕೈ ಹಿಡಿಯಲು ಬಿಡಲಿಲ್ಲ. ನನ್ನ ಬಳೆಯ ಸದ್ದಿನ ಹಿಂದೆಯೇ ನಡೆದು ಬಂದು ಮುಂದಿನ ಬೆಂಚಿನಲ್ಲಿ ಕುಮುದಾಳ ಪಕ್ಕ ಕೂತರು. "ಇವತ್ತು ಮತ್ತೆ ಅಮೋನಿಯಾನೇ ಮಾಡಿ ಮೇಡಂ," ಎಂದವು ಮಕ್ಕಳು. ನಾನು ಪಾಠ ಶುರು ಮಾಡಿದೆ. ಪರದೆಯ ಮೇಲೆ ಆಗುವುದನ್ನೆಲ್ಲ ಒಂದೊಂದಾಗಿ ಬಾಯಲ್ಲಿ ಹೇಳುತ್ತಾ ಹೋದೆ. ದೀಪ ಹಚ್ಚಿದೆ, ಬಿಸಿ ಏರುತ್ತಿದೆ, ಜಾಡಿ ತುಂಬುತ್ತಿದೆ. ಮೂಗಿನ ಚಿತ್ರ ಬಂದಾಗ ಟ್ಯಾಬು ತಂದು ಅವರ ಮುಂದೆ ಇಟ್ಟು ಬೆರಳನ್ನು ಅದರ ಮೇಲೆ ಇರಿಸಿದೆ. ಅವರು ಒತ್ತಿದರು.

"ಏನಾಯ್ತು?"

"ನೀಲಿ ಆಯ್ತು ಅಜ್ಜಿ!" ಎಂದು ಇಡೀ ತರಗತಿ ಕೂಗಿತು. ಅತ್ತೆ ಹೌದೋ ಅಲ್ಲವೋ ಎಂಬಂತೆ ನನ್ನ ಕಡೆ ಮುಖ ತಿರುಗಿಸಿದರು. ಹೌದು ಅತ್ತೆ, ನೀಲಿ ಆಯಿತು ಎಂದೆ.

ಗಂಟೆ ಹೊಡೆದ ಮೇಲೆ ಇಬ್ಬರೂ ಗೇಟಿನ ದಾರಿಯಲ್ಲೇ ಹೊರಟೆವು. ಕಂಬದ ಹತ್ತಿರ ಅವರು ನಿಂತರು. ಕೋಲಿನ ತುದಿಯಿಂದ ನೆಲದ ಮೇಲೆ ಆ ಘಾಟು ಎದ್ದ ಜಾಗವನ್ನು ಮುಟ್ಟಿ ನೋಡಿದರು.

"ವರ್ಷ ತುಂಬಿದ ದಿನ ಈ ದಾರಿ ಹೊರಟುಹೋಗುತ್ತಲ್ಲೇ ಪ್ರಭಾ?"

"ಬೀರು ತುಂಬ ಬಾಟಲಿಗಳಿವೆ ಅತ್ತೆ," ಎಂದೆ.